ಲಾರ್ಡ್ಸ್‌ಗಿಂತ ಮುಂಚೆ ಒಂದು ಹಳ್ಳಿ ಇತ್ತು ಸ್ವಾಮಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರ್‌ನ ಭಾನುವಾರದ ಕ್ರೀಡಾ ಪುಟದಲ್ಲಿ ಇಂಗ್ಲೆಂಡ್ ಟೂರ್ ಬಗ್ಗೆ ಬಂದಿದ್ದ ಲೇಖನ ಓದಿದೆ, ಚೆನ್ನಾಗೇ ಇತ್ತು, ಆದ್ರೆ ಮಧ್ಯದಲ್ಲಿ "ಕ್ರಿಕೆಟ್ ಹುಟ್ಟಿದ ಜಾಗವಾದ ಲಾರ್ಡ್ಸ್" ಅಂತ ಒಂದು ಸಾಲು ಬಂತಲ್ಲ, ಅದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಯ್ತು. ಥಾಮಸ್ ಲಾರ್ಡ್ ಅನ್ನೋ ವೈನ್ ವ್ಯಾಪಾರಿ ಲಂಡನ್ನಲ್ಲಿ ತನ್ನ ಮೊದಲನೇ ಗ್ರೌಂಡ್ ಶುರು ಮಾಡಿದ್ದೇ 1787ರಲ್ಲಿ, ಈಗ ನಾವು ಟಿವಿಯಲ್ಲಿ ನೋಡೋ ಲಾರ್ಡ್ಸ್ ಅವನ ಮೂರನೇ ಜಾಗ, 1814ರದ್ದು. ಅಷ್ಟೊತ್ತಿಗೆ ಈ ಆಟದ ಮುಖ್ಯ ರೂಲ್ಸ್ ಎಲ್ಲ ಆಗಿಹೋಗಿತ್ತು, ಮತ್ತೆ ಅದ್ರಲ್ಲಿ ದೊಡ್ಡ ಕೈ ಇದ್ದಿದ್ದು ಒಂದು ಹಳ್ಳಿ ಕ್ಲಬ್ಬಿಂದು. ಹ್ಯಾಂಬಲ್ಡನ್ ಅಂತ ಊರಿನ ಹೆಸರು.

ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯಲ್ಲಿ, ಪೋರ್ಟ್ಸ್‌ಮೌತ್ ಬಂದರಿಂದ ಉತ್ತರಕ್ಕೆ ಹತ್ತು ಮೈಲಿ ಹೋದ್ರೆ ಸಿಗುತ್ತೆ. ನನ್ನ ಅಕ್ಕನ ಮಗ ಪೋರ್ಟ್ಸ್‌ಮೌತ್‌ನಲ್ಲೇ ಕೆಲಸದಲ್ಲಿದ್ದಾನೆ, ಹೋಗಿ ನೋಡ್ಕೊಂಡು ಬಾರೋ ಅಂತ ಪೀಡಿಸಿ ಪೀಡಿಸಿ ಕಳಿಸಿದೆ, ಅಲ್ಲಿಂದ ವಿಡಿಯೋ ಕಾಲ್ ಮಾಡಿ "ಮಾಮ, ಇಲ್ಲಿ ಎಂತ ಇಲ್ಲ, ಬರೀ ಗಾಳಿ, ಒಂದು ಕಲ್ಲು, ಒಂದು ಹೋಟ್ಲು" ಅಂದ. ಆ ಗಾಳಿ, ಆ ಕಲ್ಲು, ಆ ಹೋಟ್ಲೇ ನಂಗೆ ಬೇಕಾಗಿದ್ದು ಮಾರಾಯ ಅಂದೆ. ಗ್ರೌಂಡಿನ ಹೆಸರು ಬ್ರಾಡ್‌ಹಾಫ್‌ಪೆನಿ ಡೌನ್, ಊರಿಂದ ಎರಡು ಮೈಲಿ ದೂರದ ಗುಡ್ಡದ ಮೇಲೆ. ಎದುರಿಗೆ ರಸ್ತೆ ದಾಟಿದ್ರೆ ಬ್ಯಾಟ್ ಅಂಡ್ ಬಾಲ್ ಅನ್ನೋ ಪಬ್. ಕಲ್ಲು ಅಂದ್ರೆ 1908ರಲ್ಲಿ ನಿಲ್ಲಿಸಿದ ಗ್ರಾನೈಟ್ ಸ್ಮಾರಕ.

ಲಾರ್ಡ್ಸ್‌ಗೂ ಮುಂಚಿನ ಆ ಕಾಲದಲ್ಲಿ ಈ ಹೋಟ್ಲಿನ ಯಜಮಾನ ಇದ್ದಿದ್ದು ರಿಚರ್ಡ್ ನೈರೆನ್ ಅಂತ. ಹೋಟ್ಲೂ ಅವನದೇ, ಟೀಮಿಗೆ ಕ್ಯಾಪ್ಟನ್ನೂ ಅವನೇ, ಗ್ರೌಂಡ್ ನೋಡ್ಕೊಳೋದೂ ಅವನೇ, ರೂಲ್ ಬಗ್ಗೆ ಜಗಳ ಬಂದ್ರೆ ಕೊನೇ ಮಾತೂ ಅವನದೇ. ಪ್ರತಿ ಊರಲ್ಲೂ ಇಂಥ ಒಬ್ರು ಇರ್ತಾರೆ ನೋಡಿ, ಸ್ಟಂಪು ಮ್ಯಾಟು ಎಲ್ಲ ಅವರ ಅಂಗಡಿ ಹಿಂದೆನೇ ಇಟ್ಟಿರೋದು, ಅವರು ಬಾಗಿಲು ತೆಗೆದ್ರೆ ಮಾತ್ರ ಮ್ಯಾಚು.

ಈ ಊರಿನ ಟೀಮು 1750ರ ದಶಕದಿಂದಲೇ ಆಡ್ತಿತ್ತು, 1756ರಲ್ಲಿ ಲಂಡನ್‌ಗೆ ಹೋಗಿ ಡಾರ್ಟ್‌ಫರ್ಡ್ ಟೀಮಿನ ಮೇಲೆ ಆಡಿದ ದಾಖಲೆ ಇದೆ. ಕ್ರಿಕೆಟ್ ಹುಟ್ಟಿದ್ದೇ ಇಲ್ಲಿ ಅಂತ ನಾನೂ ಹೇಳಲ್ಲ, ಕೆಲವರು ತೊಟ್ಟಿಲು ಅಂತೆಲ್ಲ ಬರೀತಾರೆ ಅದು ಸ್ವಲ್ಪ ಜಾಸ್ತಿ ಆಯ್ತು, ಯಾಕಂದ್ರೆ 1598ರಲ್ಲೇ ಗಿಲ್ಡ್‌ಫರ್ಡಿನ ಒಂದು ಜಾಗದ ಕೇಸಲ್ಲಿ ಜಾನ್ ಡೆರಿಕ್ ಅನ್ನೋರು ಕೋರ್ಟಿಗೆ ಬಂದು ನಾನು ಸ್ಕೂಲ್ ಹುಡುಗ ಆಗಿದ್ದಾಗ ಆ ಜಾಗದಲ್ಲಿ ಕ್ರಿಕೆಟ್ ಆಡ್ತಿದ್ದೆ ಅಂತ ಸಾಕ್ಷಿ ಹೇಳಿದ್ದಾರೆ. ಹುಟ್ಟಿದ್ದು ಎಲ್ಲೋ, ಬೆಳೆಸಿದ್ದು ಹ್ಯಾಂಬಲ್ಡನ್ ಅಂದ್ರೆ ಸರಿಯಾದೀತು.

ಇನ್ನು ಆಟಗಾರರು. ಜಾನ್ ಸ್ಮಾಲ್ ಅನ್ನೋನು ಪಕ್ಕದ ಪೀಟರ್ಸ್‌ಫೀಲ್ಡ್‌ನಲ್ಲಿ ಚಪ್ಪಲಿ ಬೂಟು ಹೊಲೀತಿದ್ದವನು, ಆಮೇಲೆ ಬ್ಯಾಟು ಬಾಲು ಮಾಡೋಕೆ ನಿಂತ, ಅವನ ಬಾಲಿಗೆ ಭಾರೀ ಹೆಸರು. 1772ರ ಜೂನಲ್ಲಿ ಇದೇ ಗುಡ್ಡದ ಮೇಲೆ ಇಂಗ್ಲೆಂಡ್ ಟೀಮಿನ ಮೇಲೆ ಆಡಿ 53 ರನ್ನಿಂದ ಗೆದ್ದ ಮ್ಯಾಚಲ್ಲಿ ಅವನು ಹೊಡೆದದ್ದು 78, ಎಷ್ಟೋ ಅಂಕಿಅಂಶದವರು ಅದನ್ನೇ ಮೊದಲನೇ ಫಸ್ಟ್ ಕ್ಲಾಸ್, ಅಂದ್ರೆ ದೊಡ್ಡ ದರ್ಜೆಯ ಮ್ಯಾಚ್ ಅಂತ ಲೆಕ್ಕ ಹಿಡೀತಾರೆ. ಸ್ಮಾಲ್‌ಗೆ ಪಿಟೀಲಿನ ಹುಚ್ಚೂ ಇತ್ತು. ಒಂದ್ಸಲ ಗದ್ದೆ ದಾಟಿ ಹೋಗ್ತಾ ಇರ್ಬೇಕಾದ್ರೆ ಒಂದು ಹೋರಿ ಹಾಯೋಕೆ ಬಂತಂತೆ, ಇವನು ಓಡೋದು ಬಿಟ್ಟು ಪಿಟೀಲು ತೆಗೆದು ಬಾರಿಸಿದನಂತೆ, ಹೋರಿ ಸುಮ್ನೆ ನಿಂತು ಕೇಳ್ತಂತೆ. ಸತ್ಯವೋ ಸುಳ್ಳೋ ಆ ಹೋರಿಗೇ ಗೊತ್ತು, ಆದ್ರೆ ಈ ಕಥೆ ಹೇಳಿದ್ದು ನೈರೆನ್ ಮಗ ಜಾನ್ ನೈರೆನ್ನು, ಅವನೂ ಅದೇ ಟೀಮಲ್ಲಿ ಆಡಿದವನು.

ಡೇವಿಡ್ ಹ್ಯಾರಿಸ್ ಅಂತ ಫಾಸ್ಟ್ ಬೌಲರ್, ಕುಂಬಾರಿಕೆ ಅವನ ಕಸುಬು, ಚಳಿಗಾಲದಲ್ಲಿ ಕಣಜದ ಕೊಟ್ಟಿಗೆ ಒಳಗೆ ಬಾಲ್ ಹಾಕಿ ಹಾಕಿ ಪ್ರಾಕ್ಟೀಸ್ ಮಾಡ್ತಿದ್ದನಂತೆ. ಕೊನೆ ಕೊನೆಗೆ ಗೌಟ್ ಅನ್ನೋ ಕೀಲುನೋವಿನ ಕಾಯಿಲೆ ಬಂದು ಕಾಲು ಹೋಯ್ತು, ಆದ್ರೂ ಊರುಗೋಲಲ್ಲಿ ಗ್ರೌಂಡಿಗೆ ಬರೋನು, ಅಲ್ಲೇ ಒಂದು ಆರಾಮ್ ಕುರ್ಚಿ ಹಾಕಿರೋರು, ಬಾಲ್ ಹಾಕೋದು ಹೋಗಿ ಕೂರೋದು, ಬಾಲ್ ಹಾಕೋದು ಹೋಗಿ ಕೂರೋದು. ನೋಆ ಮಾನ್ ಅಂತ ಇನ್ನೊಬ್ಬ, ಇಪ್ಪತ್ತು ಮೈಲಿ ಆಚೆಯಿಂದ ಕುದುರೆ ಮೇಲೆ ಮಂಗಳವಾರದ ಪ್ರಾಕ್ಟೀಸಿಗೆ ಬರ್ತಿದ್ದ. ನಮ್ಮಲ್ಲಿ ಬೋಟಿಂದ ಇಳಿದು ಮೀನಿನ ವಾಸನೆ ಹೋಗೋ ಮುಂಚೆನೇ ಸೆಮಿಫೈನಲ್ ಆಡೋಕೆ ಬರೋ ಹುಡುಗರನ್ನ ನೋಡಿದವನಿಗೆ ಇದೇನು ಆಶ್ಚರ್ಯ ಅಲ್ಲ ಬಿಡಿ.

ಈಗ ರೂಲ್ಸ್ ವಿಷ್ಯಕ್ಕೆ ಬರ್ತೀನಿ. 1771ರ ಸೆಪ್ಟೆಂಬರಲ್ಲಿ ಚೆರ್ಟ್ಸಿ ಟೀಮಿನ ಮೇಲೆ ಮ್ಯಾಚು, ಅವರ ಕಡೆ ವೈಟ್ ಅನ್ನೋ ಬ್ಯಾಟ್ಸ್‌ಮನ್ ಸ್ಟಂಪ್ ಪೂರ್ತಿ ಮುಚ್ಚುವಷ್ಟು ಅಗಲದ ಬ್ಯಾಟ್ ತಗೊಂಡು ಬಂದ. ಬ್ಯಾಟಿಗೆ ಇಷ್ಟೇ ಅಗಲ ಅಂತ ಆಗ ರೂಲೇ ಇರ್ಲಿಲ್ಲ, ಏನಂತ ಔಟ್ ಮಾಡೋದು? ಹ್ಯಾಂಬಲ್ಡನ್ ಕಡೆಯ ಬೌಲರ್ ಥಾಮಸ್ ಬ್ರೆಟ್ ಒಂದು ಚೀಟಿ ಬರೆದ, ಬ್ಯಾಟಿನ ಅಗಲ ನಾಲ್ಕೂ ಕಾಲು ಇಂಚು ದಾಟಬಾರದು ಅಂತ, ಅದಕ್ಕೆ ಕ್ಯಾಪ್ಟನ್ ನೈರೆನ್ ಮತ್ತೆ ಜಾನ್ ಸ್ಮಾಲ್ ಸೈನ್ ಹಾಕಿದ್ರು. 1774ರ ರೂಲ್ಸಲ್ಲಿ ಅದು ಸೇರ್ತು. ಇವತ್ತು ಕೊಹ್ಲಿ ಹಿಡಿಯೋ ಬ್ಯಾಟೂ ಅದೇ ನಾಲ್ಕೂ ಕಾಲು ಇಂಚು, ಅಂದ್ರೆ 10.8 ಸೆಂಟಿಮೀಟರ್, 250 ವರ್ಷ ಆದ್ರೂ ಒಂದು ಕೂದಲೆಳೆ ಜಾಸ್ತಿ ಆಗಿಲ್ಲ. ಕ್ಲಬ್ಬಲ್ಲಿ ಒಂದು ಕಬ್ಬಿಣದ ಅಳತೆ ಪಟ್ಟಿನೂ ಮಾಡಿಸಿಟ್ಟಿದ್ರಂತೆ, ಡೌಟ್ ಬಂದ್ರೆ ಬ್ಯಾಟನ್ನ ಅದ್ರೊಳಗೆ ತೂರಿಸಿ ನೋಡೋದು.

ಮೂರನೇ ಸ್ಟಂಪ್ ಕಥೆ ಇನ್ನೂ ಮಜಾ. ಆಗ ಇದ್ದಿದ್ದು ಎರಡೇ ಸ್ಟಂಪು, ಮೇಲೊಂದು ಬೇಲ್, ಅಂದ್ರೆ ಅಡ್ಡಕ್ಕಿಡೋ ಸಣ್ಣ ಕಡ್ಡಿ. 1775ರ ಮೇ ತಿಂಗಳಲ್ಲಿ ಲಂಡನ್ನಿನ ಆರ್ಟಿಲರಿ ಗ್ರೌಂಡಲ್ಲಿ ಐದೈದು ಜನದ ಮ್ಯಾಚು, ಕೆಂಟ್ ಕಡೆ ಬೌಲರ್ ಲಂಪಿ ಸ್ಟೀವನ್ಸ್, ಕೊನೇ ಬ್ಯಾಟ್ಸ್‌ಮನ್ ನಮ್ಮ ಪಿಟೀಲು ಸ್ಮಾಲ್, ಗೆಲ್ಲೋಕೆ ಬೇಕಾಗಿದ್ದು 14. ಲಂಪಿ ಹಾಕಿದ ಬಾಲು ಮೂರು ಸಲ ಸ್ಮಾಲನ್ನ ದಾಟಿ ಎರಡು ಸ್ಟಂಪಿನ ಮಧ್ಯದಿಂದ ನುಗ್ಗಿ ಆಚೆ ಹೋಯ್ತು, ಬೇಲ್ ಅಲ್ಲಾಡ್ಲೇ ಇಲ್ಲ, ಸ್ಮಾಲ್ ಮ್ಯಾಚ್ ಗೆಲ್ಲಿಸಿಬಿಟ್ಟ. ಇದು ಅನ್ಯಾಯ ಅಂತ ಗೆದ್ದವರಿಗೂ ಅನ್ನಿಸ್ತು ನೋಡಿ, ಆಮೇಲೆ ಬಂತು ಮಧ್ಯದ ಸ್ಟಂಪ್. ಮಿಡ್ಲ್ ಸ್ಟಂಪ್ ಹಾರಿದಾಗೆಲ್ಲ ಬುಮ್ರಾ ಲಂಪಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕು.

ನಮ್ಮ ಉಡುಪಿ ದಕ್ಷಿಣ ಕನ್ನಡದವರಿಗೆ ಇನ್ನೊಂದು ವಿಷ್ಯ ಖುಷಿ ಕೊಡ್ಬಹುದು. ಇವರೆಲ್ಲ ಹಾಕ್ತಿದ್ದಿದ್ದು ಅಂಡರ್ ಆರ್ಮ್ ಬೌಲಿಂಗೇ, ಕೈ ಮೇಲೆತ್ತಿ ಹಾಕೋಕೆ ರೂಲ್ ಒಪ್ಪಿದ್ದು 1864ರಲ್ಲಿ. "ಹೊನಲು ಬೆಳಕಿನ ಅಂಡರ್ ಆರ್ಮ್ ಪಂದ್ಯಾಟ" ಅಂತ ಫ್ಲೆಕ್ಸ್ ಹಾಕಿದ್ರೆ ಪೇಟೆಯವರು ಇದೂ ಒಂದು ಕ್ರಿಕೆಟ್ಟಾ ಅಂತ ನಗ್ತಾರಲ್ಲ, ಅವರಿಗೆ ಹೇಳಿ, ಹ್ಯಾಂಬಲ್ಡನ್ನಿನ ಹ್ಯಾರಿಸ್‌ನೂ ಹೀಗೇ ಹಾಕಿ ಹೆಸರು ಮಾಡಿದ್ದು. ಪಿಚ್ ಎಲ್ಲಿ ಅಂತ ಬೌಲರೇ ನೋಡಿ ಆರಿಸ್ಕೊಳ್ತಿದ್ರು, ಲಂಪಿಗೆ ಇಳಿಜಾರು ಬೇಕು, ಹ್ಯಾರಿಸ್‌ಗೆ ಏರು ಬೇಕು. ಕೊಯ್ಲು ಆದ ಗದ್ದೆಯಲ್ಲಿ ತೆಂಗಿನ ಕೊತ್ತಳಿಗೆ ಬ್ಯಾಟಲ್ಲಿ ಆಡಿದ ನಮಗೆ ಇದು ಬಿಡಿಸಿ ಹೇಳೋದೇ ಬೇಡ, ಕೂಳೆ ಎಲ್ಲಿ ಉಳಿದಿದೆ ಬಾಲ್ ಎಲ್ಲಿ ತಿರುಗುತ್ತೆ ಅಂತ ಹೋಮ್ ಟೀಮಿಗೆ ಗೊತ್ತು, ಹುಣಿ ದಾಟಿದ್ರೆ ಫೋರ್.

1777ರ ಜೂನಲ್ಲಂತೂ ಸೆವೆನೋಕ್ಸ್‌ಗೆ ಹೋಗಿ ಇಡೀ ಇಂಗ್ಲೆಂಡ್ ಟೀಮನ್ನ ಇನಿಂಗ್ಸ್ ಮತ್ತೆ 168 ರನ್ನಿಂದ ಸೋಲಿಸಿದ್ರು. ಇಂಗ್ಲೆಂಡ್ 166 ಮತ್ತೆ 69, ಹ್ಯಾಂಬಲ್ಡನ್ 403. ಜೇಮ್ಸ್ ಐಲ್ವರ್ಡ್ ಒಬ್ಬನೇ 167, ಬುಧವಾರ ಸಂಜೆ 5 ಗಂಟೆಗೆ ಇಳಿದವನು ಶುಕ್ರವಾರ ಮಧ್ಯಾಹ್ನ 3ಕ್ಕೆ ಔಟು. ಆಮೇಲೆ ಕೆಂಟ್ ಕಡೆಯ ಶ್ರೀಮಂತ ಹೊರೇಸ್ ಮಾನ್ ಅವನನ್ನ ತನ್ನ ಜಮೀನಿಗೆ ಮೇಸ್ತ್ರಿ ಕೆಲಸ ಕೊಟ್ಟು ಎತ್ತಾಕ್ಕೊಂಡು ಹೋದ. ಮೇಸ್ತ್ರಿ ಕೆಲಸ ಏನೂ ಚೆನ್ನಾಗಿ ಮಾಡ್ಲಿಲ್ಲಂತೆ, ಮಾಡೋಕೆ ಯಾರು ಕರ್ಕೊಂಡು ಹೋಗಿದ್ರು!

ಹಾಗಂತ ಎಲ್ಲ ಹಳ್ಳಿಯವರೇ ಸೇರಿ ಕಟ್ಟಿದ ಕ್ಲಬ್ ಅಂತ ಭಾವುಕ ಆಗೋದು ಬೇಡ. ದುಡ್ಡು ಹಾಕಿದ್ದು ಜಮೀನ್ದಾರರು, ಡ್ಯೂಕುಗಳು, ಒಬ್ಬ ಪಾದ್ರಿ ಸಹ. ಬೆಟ್ಟಿಂಗೇ ಜೀವ, 1777ರ ಆ ಮ್ಯಾಚಿಗೆ ಬಾಜಿ 1000 ಗಿನಿ, ಗಿನಿ ಅಂದ್ರೆ ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ. ಆಡೋರು ಕುಂಬಾರ ಬಡಗಿ ಚಮ್ಮಾರ, ಆಡಿಸೋರು ಸಾಹೇಬ್ರು. ನಮ್ಮ ಟ್ರೋಫಿ ಆಮಂತ್ರಣ ಪತ್ರಿಕೆಯಲ್ಲಿ ಮೇಲ್ಗಡೆ ಯಾರ ಫೋಟೋ ಇರುತ್ತೆ ಕೆಳಗಡೆ ಯಾರ ಹೆಸರೂ ಇರಲ್ಲ ಅನ್ನೋದನ್ನ ನೋಡಿದ್ರೆ ಗೊತ್ತಾಗುತ್ತೆ, ಈ ವಿಷ್ಯದಲ್ಲಿ ಏನೂ ಬದಲಾಗಿಲ್ಲ. ಸಾಹೇಬ್ರಿಗೆ ಗುಡ್ಡ ದೂರ ಆಯ್ತು, ಗಾಳಿ ಜಾಸ್ತಿ ಅಂತ 1782ರ ಹೊತ್ತಿಗೆ ಊರ ಹತ್ರದ ವಿಂಡ್‌ಮಿಲ್ ಡೌನ್‌ಗೆ ಶಿಫ್ಟ್ ಆಯ್ತು, 1787ರಲ್ಲಿ ಲಂಡನ್ನಲ್ಲೇ ಲಾರ್ಡ್ ಗ್ರೌಂಡ್, ಎಂಸಿಸಿ ಅನ್ನೋ ಸಾಹೇಬ್ರ ಕ್ರಿಕೆಟ್ ಕ್ಲಬ್ಬು ಎಲ್ಲ ಶುರು ಆದ ಮೇಲೆ ಹಳ್ಳಿ ಯಾರಿಗೆ ಬೇಕು, 1791ರಲ್ಲಿ ನೈರೆನ್ ಕೂಡ ಬಿಟ್ಟುಹೋದ.

ಇಷ್ಟೆಲ್ಲ ನಮಗೆ ಗೊತ್ತಾಗಿದ್ದು ಹೇಗೆ ಅನ್ನೋದೇ ನಾನು ಈ ಲೆಟರ್ ಬರೀತಾ ಇರೋದಕ್ಕೆ ಕಾರಣ. ಆ ಕ್ಲಬ್ಬಿನ 1772ರಿಂದ 1796ರವರೆಗಿನ ಮಿನಿಟ್ಸು, ಲೆಕ್ಕ ಉಳಿದಿದೆ. ಅದ್ರಲ್ಲಿ ಮಹಾ ಏನೂ ಇಲ್ಲ ಸ್ವಾಮಿ, ಮೀಟಿಂಗಿಗೆ ಯಾರು ಬಂದ್ರು, ಎಷ್ಟು ವೈನ್ ಖರ್ಚಾಯ್ತು, ಇಂಥದ್ದೇ. ಒಂದು ದಿನದ ಎಂಟ್ರಿ ನೋಡಿ: ಮಳೆ, ಬಂದ ಮೆಂಬರ್ಸ್ ಮೂರೇ ಜನ, ವೈನ್ ಬಾಟ್ಲಿ ಒಂಬತ್ತು. 1796ರ ಸೆಪ್ಟೆಂಬರ್ 21ರ ಎಂಟ್ರಿಯಲ್ಲಿ ಸಾಹೇಬ್ರು ಯಾರೂ ಬಂದಿಲ್ಲ ಅಂತ ಬರೆದಿದೆ, ಮುಗೀತು ಕ್ಲಬ್ಬಿನ ಕಥೆ. ಬಾಕಿ ಉಳಿದಿದ್ದನ್ನ ಮಗ ಜಾನ್ ನೈರೆನ್ ಮುದುಕನಾದ ಮೇಲೆ ನೆನಪು ಮಾಡ್ಕೊಂಡು ಹೇಳಿದ, ಗೆಳೆಯ ಚಾರ್ಲ್ಸ್ ಕೌಡನ್ ಕ್ಲಾರ್ಕ್ ಬರ್ಕೊಂಡ, 1833ರಲ್ಲಿ ಅಚ್ಚಾಯ್ತು. ಹೋರಿ, ಪಿಟೀಲು, ಕುರ್ಚಿ ಎಲ್ಲ ಬಂದಿದ್ದು ಅಲ್ಲಿಂದ. ಆ ಮುದುಕ ಬಾಯಿ ಬಿಡದೆ ಹೋಗಿದ್ರೆ ಹ್ಯಾರಿಸ್ ಅಂದ್ರೆ ಸ್ಕೋರ್‌ಬೋರ್ಡಲ್ಲಿ ಒಂದು ಹೆಸರು ಅಷ್ಟೇ ಆಗಿರೋನು.

ನಮ್ಮ ಊರುಗಳಲ್ಲಿ ಏನಿದೆ? ನಮ್ಮೂರ ಕ್ಲಬ್ಬಿನ ಟ್ರೋಫಿಗಳು ಯುವಕ ಮಂಡಲದ ಕಪಾಟಲ್ಲಿವೆ, ಮೇಲಿನ ಸ್ಟಿಕ್ಕರ್ ಕಿತ್ತುಹೋಗಿ ಯಾವ ವರ್ಷದ್ದು ಯಾರನ್ನ ಸೋಲಿಸಿ ತಂದಿದ್ದು ಅಂತ ಹೇಳೋರಿಲ್ಲ. ಸ್ಕೋರ್ ಬರೆದಿದ್ದ ಲಾಂಗ್ ನೋಟ್‌ಬುಕ್ಕುಗಳು ರೂಮಿಗೆ ಸುಣ್ಣಬಣ್ಣ ಮಾಡಿಸುವಾಗ ಗುಜರಿಗೆ ಹೋದ್ವು, ಎರಡು ಮಾತ್ರ ಉಳಿದಿವೆ, ಅದೂ ಒಬ್ಬರ ಮನೇಲಿ ದಿನಸಿ ಲೆಕ್ಕ ಬರೆಯೋಕೆ ಹಿಂದಿನ ಪುಟಗಳನ್ನ ಬಳಸ್ಕೊಂಡಿದ್ದಕ್ಕೆ. ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಡ್ತಿದ್ದವರಿಗೆ ಒಂದೊಂದು ಬಾಲೂ ನೆನಪಿದೆ, ಅವರಿಗೂ ವಯಸ್ಸಾಯ್ತು. ಈಗಿನ ಹುಡುಗರು ಯೂಟ್ಯೂಬ್ ಲೈವ್ ಹಾಕ್ತಾರೆ, ಒಳ್ಳೇದೇ, ಆದ್ರೆ ಚಾನೆಲ್ ಡಿಲೀಟ್ ಆದ್ರೆ ಅದೂ ಗುಜರಿನೇ.

ಹಾಗಾಗಿ ನನ್ನ ವಿನಂತಿ ಎರಡು. ಒಂದು, ಲಾರ್ಡ್ಸ್ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಎರಡನೇದು, ಭಾನುವಾರದ ಜಿಲ್ಲಾ ಪುಟದಲ್ಲಿ ಕಾಲು ಪುಟ ಜಾಗ ಕೊಡಿ, ವಾರಕ್ಕೊಂದು ಊರಿನ ಕ್ಲಬ್ಬು, ಆಡಿದವರೇ ಹೇಳ್ಲಿ, ನಿಮ್ಮ ವರದಿಗಾರರು ಬರ್ಕೊಳ್ಲಿ. ಯಾರು ಶುರು ಮಾಡಿದ್ದು, ಗದ್ದೆ ಯಾರದ್ದು, ಮೊದಲನೇ ಬ್ಯಾಟ್ ಎಲ್ಲಿಂದ ತಂದ್ರು, ಯಾವ ಜಗಳಕ್ಕೆ ಟೀಮ್ ಎರಡಾಯ್ತು, ಮಳೆ ಬಂದು ಫೈನಲ್ ನಿಂತಾಗ ಬಹುಮಾನದ ದುಡ್ಡು ಏನ್ ಮಾಡಿದ್ರು. ಜನ ಓದ್ತಾರೆ, ನೀವು ನೋಡ್ತಾ ಇರಿ. ನಮ್ಮೂರಿಂದ ಶುರು ಮಾಡೋದಾದ್ರೆ ಆ ಎರಡು ನೋಟ್‌ಬುಕ್ಕಿನ ಫೋಟೋ ನಾನು ವಾಟ್ಸಾಪ್ ಮಾಡ್ತೀನಿ, ದಿನಸಿ ಲೆಕ್ಕದ ಪುಟ ಬಿಟ್ಟು.

ಲೆಟರ್ ಉದ್ದ ಆಯ್ತು ಗೊತ್ತು. ಜಾಗ ಕಮ್ಮಿ ಅಂತ ಕತ್ತರಿ ಹಾಕೋದಾದ್ರೆ ಬೇಕಾದಲ್ಲಿ ಹಾಕಿ, ಹೋರಿ ಕಥೆಗೆ ಮಾತ್ರ ಹಾಕ್ಬೇಡಿ.

ಇಂತಿ,
ನಿಮ್ಮ ಹಳೇ ಓದುಗ,
ಕುಂದಾಪುರ ತಾಲೂಕು