ಜೀವಂತ ಇಲಿಯಿಂದ ಗಾಯಗೊಳ್ಳುವ ಸಾಕುಹಾವುಗಳು

ಮಾನ್ಯ ಸಂಪಾದಕರೇ,

ಹಸಿವಿಲ್ಲದ ಅಥವಾ ಪೊರೆ ಬಿಡುವ ಹೊತ್ತಿನಲ್ಲಿರುವ ಹಾವಿನ ಗೂಡಿನಲ್ಲಿ ಜೀವಂತ ಇಲಿಯನ್ನು ರಾತ್ರಿಯಿಡೀ ಬಿಟ್ಟರೆ, ಆ ಇಲಿಯೇ ಹಾವಿನ ಬೆನ್ನನ್ನು ಕಡಿದು, ಕೆಲವೊಮ್ಮೆ ಬೆನ್ನೆಲುಬು ಕಾಣುವಷ್ಟು ಆಳದ ಗಾಯ ಮಾಡುತ್ತದೆ ಎಂಬುದು ಹಾವು ಸಾಕುವವರಲ್ಲೇ ಹಲವರಿಗೆ ತಿಳಿದಿಲ್ಲ. ಹಾವು ನೋವಿಗೆ ಚೀರುವುದಿಲ್ಲ. ಮುಚ್ಚಿದ ಗೂಡಿನಿಂದ ತಪ್ಪಿಸಿಕೊಳ್ಳಲು ದಾರಿಯೂ ಇರುವುದಿಲ್ಲ.

ಗಾಯ ಕಂಡೊಡನೆ ಇಲಿಯನ್ನು ಹೊರತೆಗೆದು, ಸಲೈನ್‌ನಿಂದ ಅಥವಾ ಸಾಕಷ್ಟು ನೀರು ಬೆರೆಸಿ ತೆಳುವಾಗಿಸಿದ ಪೊವಿಡೋನ್ ಅಯೋಡಿನ್‌ನಿಂದ ಗಾಯವನ್ನು ತೊಳೆಯಬೇಕು. ಹೈಡ್ರೋಜನ್ ಪೆರಾಕ್ಸೈಡ್ ಹೊಸ ಅಂಗಾಂಶವನ್ನೂ ಸುಡುತ್ತದೆ. ಮನುಷ್ಯರ ನೋವುನಿವಾರಕ ಮುಲಾಮನ್ನಂತೂ ಹಚ್ಚಲೇಬಾರದು. ಮರದ ಹೊಟ್ಟನ್ನು ತೆಗೆದು ಶುಭ್ರ ಕಾಗದ ಹಾಸಿ, ಆ ಜಾತಿಯ ಹಾವಿಗೆ ತಕ್ಕ ಶಾಖವನ್ನು ಕಾಯ್ದುಕೊಳ್ಳುವುದು ಔಷಧದಷ್ಟೇ ಮುಖ್ಯ, ಏಕೆಂದರೆ ಮೈ ತಣ್ಣಗಾದರೆ ಸರೀಸೃಪದ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ.

ಮೇಲ್ನೋಟಕ್ಕೆ ಸಣ್ಣದೆನಿಸಿದ ಕಡಿತವನ್ನೂ ಸರೀಸೃಪಗಳ ಅನುಭವವಿರುವ ಪಶುವೈದ್ಯರಿಗೆ ತೋರಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹಾವಿನ ಕೀವು ನಮ್ಮದರಂತೆ ಹರಿದುಹೋಗದೆ ಗಟ್ಟಿ ಗಿಣ್ಣಿನಂತೆ ಚರ್ಮದಡಿ ಕೂರುವುದರಿಂದ, ಅದನ್ನು ಹಲವು ಬಾರಿ ಶಸ್ತ್ರಕ್ರಿಯೆಯಿಂದಲೇ ತೆಗೆಯಬೇಕಾಗುತ್ತದೆ. ನಿರ್ಲಕ್ಷಿಸಿದರೆ ಸೋಂಕು ರಕ್ತಕ್ಕೂ ಹರಡಬಹುದು. ಪ್ರತಿಜೈವಿಕ ಔಷಧವನ್ನು ಬಹುಮಟ್ಟಿಗೆ ಚುಚ್ಚುಮದ್ದಾಗಿ ಕೊಡುತ್ತಾರೆ. ಚರ್ಮ ನಿಧಾನವಾಗಿ ಕೂಡುವುದರಿಂದ ಹೊಲಿಗೆಗಳನ್ನು ಸಾಮಾನ್ಯವಾಗಿ 4ರಿಂದ 6 ವಾರ ಬಿಡಬೇಕಾಗುತ್ತದೆ. ವಾಸಿಯಾದ ಮೇಲೂ ಕಲೆಯ ಜಾಗದಲ್ಲಿ ಪೊರೆ ಅಂಟಿಕೊಳ್ಳುವುದುಂಟು, ಅದನ್ನು ಪ್ರತಿ ಸಲವೂ ಗಮನಿಸಬೇಕು.

ಮೊದಲೇ ಕೊಂದು ಶೀತಲೀಕರಿಸಿದ ಇಲಿಯನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಲ್ಲಿ ಹಿಡಿದು ಕೊಟ್ಟರೆ ಹೆಚ್ಚಿನ ಸಾಕುಹಾವುಗಳು ಕ್ರಮೇಣ ಅದನ್ನೇ ಒಪ್ಪಿಕೊಳ್ಳುತ್ತವೆ.

ಇಂತಿ,
ಓರ್ವ ಓದುಗ