ಕಳ್ಳನಿಗೂ ಒಂದು ವೇಬಿಲ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಹಳೇ ಹುಬ್ಬಳ್ಳಿಯವನು, ನಿವೃತ್ತ ಬಸ್ ನಿರ್ವಾಹಕ. 1988ರಲ್ಲಿ ಕೆಲಸಕ್ಕೆ ಸೇರಿದೆ. 1997ರಲ್ಲಿ ವಾಯವ್ಯ ಸಾರಿಗೆ ಸಂಸ್ಥೆ ಬೇರೆಯಾದ ಮೇಲೆ ಇಲ್ಲಿಯೇ ಮುಂದುವರಿದು 2019ರಲ್ಲಿ ನಿವೃತ್ತನಾದೆ. ನಿಮ್ಮ ಪತ್ರಿಕೆಯನ್ನು ಡಿಪೊದ ಬೆಂಚಿನ ಮೇಲೆ ಕುಳಿತು ಓದಲು ಆರಂಭಿಸಿದವನು, ಈಗ ಮನೆಯ ಕಟ್ಟೆಯ ಮೇಲೆ ಕುಳಿತು ಓದುತ್ತೇನೆ. ವಾಚಕರ ವಿಭಾಗಕ್ಕೆ ಇದುವರೆಗೆ ಒಂದು ಸಾಲನ್ನೂ ಬರೆದವನಲ್ಲ. ಈಗ ಬರೆಯಲು ಕಾರಣ ಒಂದು ಆಟದ ಪೆಟ್ಟಿಗೆ.

ನನ್ನ ಮೊಮ್ಮಗಳು ಓದುವ ಶಾಲೆಯ ಗ್ರಂಥಾಲಯದಲ್ಲಿ ‘ಸ್ಕಾಟ್ಲೆಂಡ್ ಯಾರ್ಡ್’ ಎಂಬ ಆಟವಿತ್ತು. ಶನಿವಾರ ಕೊನೆಯ ಅವಧಿಯಲ್ಲಿ ಐದಾರು ಮಕ್ಕಳು ಅದನ್ನು ಹಾಸಿಕೊಂಡು ಕೂಡುತ್ತಿದ್ದರು. ಕಳೆದ ತಿಂಗಳು ಆ ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದ್ದಾರೆ. ಪಾಲಕರೊಬ್ಬರು ಬಂದು, ‘ಪೊಲೀಸರ ಕಣ್ಣು ತಪ್ಪಿಸಿ ಓಡುವುದನ್ನು ಮಕ್ಕಳಿಗೆ ಕಲಿಸುವ ಆಟ ಶಾಲೆಯಲ್ಲಿ ಏಕೆ ಇರಬೇಕು’ ಎಂದು ಕೇಳಿದರಂತೆ. ಶಾಲೆಯ ಹೆಸರನ್ನು ನಾನು ಬರೆಯುವುದಿಲ್ಲ, ಅಲ್ಲಿನ ಶಿಕ್ಷಕಿಯರ ಬಗ್ಗೆ ನನಗೆ ಗೌರವವಿದೆ. ಆ ಪಾಲಕರ ಆತಂಕವನ್ನೂ ನಾನು ತಳ್ಳಿಹಾಕುವುದಿಲ್ಲ. ಪೆಟ್ಟಿಗೆಯ ಮುಚ್ಚಳವನ್ನಷ್ಟೇ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಆಟವನ್ನು ಒಮ್ಮೆ ಕೊನೆಯವರೆಗೆ ಆಡಿ ನೋಡಿದ್ದರೆ ಅವರು ಈ ಮಾತನ್ನು ಹೇಳುತ್ತಿರಲಿಲ್ಲ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ತಿಳಿಯದವರಿಗಾಗಿ ಆಟವನ್ನು ಸ್ವಲ್ಪ ವಿವರಿಸುತ್ತೇನೆ. ಇದು 1983ರಲ್ಲಿ ಜರ್ಮನಿಯಲ್ಲಿ ರಾವೆನ್ಸ್‌ಬರ್ಗರ್ ಎಂಬ ಸಂಸ್ಥೆಯಿಂದ ಹೊರಬಂತು. ಅದೇ ವರ್ಷ ಆ ದೇಶದಲ್ಲಿ ವರ್ಷದ ಆಟಕ್ಕೆ ಕೊಡುವ ಪ್ರಶಸ್ತಿಯನ್ನು ಪಡೆಯಿತು. ಹಲಗೆಯ ಮೇಲೆ ಲಂಡನ್ ನಗರದ ನಕ್ಷೆ ಇದೆ. 1ರಿಂದ 199ರವರೆಗೆ ಸಂಖ್ಯೆ ಹಾಕಿದ ನಿಲ್ದಾಣಗಳು, ಅವುಗಳ ನಡುವೆ ಟ್ಯಾಕ್ಸಿ, ಬಸ್ಸು, ಸುರಂಗ ರೈಲಿನ ಗೆರೆಗಳು. ಒಬ್ಬರು ತಲೆಮರೆಸಿಕೊಂಡ ‘ಮಿಸ್ಟರ್ ಎಕ್ಸ್’ ಆಗುತ್ತಾರೆ, ಉಳಿದವರೆಲ್ಲ ಪತ್ತೇದಾರರು. ಪತ್ತೇದಾರರ ಕಾಯಿಗಳು ನಕ್ಷೆಯ ಮೇಲೆ ಎಲ್ಲರಿಗೂ ಕಾಣುತ್ತವೆ. ಎಕ್ಸ್‌ನ ಕಾಯಿ ಮಾತ್ರ ಹೆಚ್ಚಿನ ಹೊತ್ತು ನಕ್ಷೆಯ ಮೇಲೆ ಇರುವುದಿಲ್ಲ. ಅವನು ತಾನು ಹೋದ ನಿಲ್ದಾಣದ ಸಂಖ್ಯೆಯನ್ನು ಒಂದು ಪಟ್ಟಿಯಲ್ಲಿ ಬರೆದು, ಬಳಸಿದ ಟಿಕೆಟನ್ನು ಅದರ ಮೇಲೆಯೇ ಮುಚ್ಚಿಡುತ್ತಾನೆ. ಹೇಗೆ ಹೋದನೆಂಬುದು ಎಲ್ಲರಿಗೂ ತಿಳಿಯುತ್ತದೆ, ಎಲ್ಲಿಗೆ ಹೋದನೆಂಬುದು ತಿಳಿಯುವುದಿಲ್ಲ. 3, 8, 13, 18ನೇ ನಡೆಗಳಲ್ಲಿ ಅವನು ಹೊರಗೆ ಬಂದು ತಾನಿರುವ ಜಾಗವನ್ನು ತೋರಿಸಲೇಬೇಕು. ಮತ್ತೆ ಮಾಯ.

ಟಿಕೆಟಿನ ಲೆಕ್ಕದಲ್ಲಿಯೂ ಒಂದು ಚಂದವಿದೆ. ಪತ್ತೇದಾರರ ಕೈಯಲ್ಲಿ ಎಣಿಸಿಟ್ಟ ಟಿಕೆಟುಗಳಿರುತ್ತವೆ, ಅವರು ಬಳಸಿದ ಪ್ರತಿಯೊಂದೂ ಎಕ್ಸ್‌ನ ಕೈ ಸೇರುತ್ತದೆ. ಅಂದರೆ ಯೋಚಿಸದೆ ಸುಮ್ಮನೆ ಅಲೆದಾಡಿದರೆ, ಓಡುವವನಿಗೆ ನಾವೇ ಪ್ರಯಾಣದ ಖರ್ಚು ಕೊಟ್ಟಂತೆ. ಮೂವತ್ತೊಂದು ವರ್ಷ ಟಿಕೆಟ್ ಹರಿದು ಕೊಟ್ಟ ನನಗೆ ಈ ನಿಯಮವನ್ನು ಕೇಳಿದ ದಿನವೇ ಆಟದ ಮೇಲೆ ಪ್ರೀತಿ ಹುಟ್ಟಿತು.

ಆ ಪಾಲಕರು ಗಮನಿಸಬೇಕಾದದ್ದು ಎಕ್ಸ್ ಬರೆಯುವ ಪಟ್ಟಿಯನ್ನು. ಅದು ನನಗೆ ನಮ್ಮ ವೇಬಿಲ್ಲನ್ನು, ಅಂದರೆ ನಿರ್ವಾಹಕ ಟಿಕೆಟಿನ ಲೆಕ್ಕ ಬರೆಯುವ ಹಾಳೆಯನ್ನು, ನೆನಪಿಗೆ ತರುತ್ತದೆ. ಟಿಕೆಟ್ ಯಂತ್ರಗಳು ಬರುವ ಮೊದಲು ನಮ್ಮ ಕೈಯಲ್ಲಿ ದರಕ್ಕೊಂದರಂತೆ ಟಿಕೆಟಿನ ಕಟ್ಟುಗಳಿರುತ್ತಿದ್ದವು. ಪ್ರತಿ ಸ್ಟೇಜ್ (ಟಿಕೆಟ್ ದರ ಬದಲಾಗುವ ನಿಲ್ದಾಣ) ಬಂದಾಗ ಒಂದೊಂದು ಕಟ್ಟಿನ ಮೇಲಿನ ಟಿಕೆಟಿನ ಸಂಖ್ಯೆಯನ್ನು ವೇಬಿಲ್ಲಿನಲ್ಲಿ ಬರೆದು ಸ್ಟೇಜ್ ಮುಗಿಸಬೇಕಿತ್ತು. ತುಂಬಿದ ಬಸ್ಸು, ಕೆಟ್ಟ ರಸ್ತೆ, ಒಂದು ಕೈ ಮೇಲಿನ ಕಂಬಿಯ ಮೇಲೆ, ಇನ್ನೊಂದು ಕೈಯಲ್ಲಿ ಪೆನ್ನು. ನಾನು ಬರೆಯುವುದನ್ನು ಆ ಹೊತ್ತಿನಲ್ಲಿ ಯಾರೂ ನೋಡುತ್ತಿರಲಿಲ್ಲ. ಆದರೆ ಮುಂದಿನ ತಿರುವಿನಲ್ಲಿ ತನಿಖೆಯವರು ಕೈ ತೋರಿಸಿ ಬಸ್ ನಿಲ್ಲಿಸಿದರೆ, ಆ ಸಂಖ್ಯೆಗಳನ್ನು ನೋಡಿಯೇ ಎಲ್ಲಿ ಎಷ್ಟು ಟಿಕೆಟ್ ಹೋಯಿತು, ಯಾವ ಸ್ಟೇಜಿನಲ್ಲಿ ಲೆಕ್ಕ ತಪ್ಪಿತು ಎಂಬುದನ್ನು ಹೇಳಿಬಿಡುತ್ತಿದ್ದರು. ಕುಂದಗೋಳದ ದಾರಿಯಲ್ಲಿ ಒಮ್ಮೆ ಒಂದು ಸ್ಟೇಜ್ ಮುಗಿಸಲು ಮರೆತು ನಾನು ಮೆಮೊ ಪಡೆದಿದ್ದೇನೆ. ಹಣ ಒಂದು ರೂಪಾಯಿಯೂ ವ್ಯತ್ಯಾಸವಿರಲಿಲ್ಲ. ಆದರೂ ಆ ಮೆಮೊ ನ್ಯಾಯವಾದದ್ದೇ ಆಗಿತ್ತು.

ಎಕ್ಸ್ ಆದ ಮಗುವಿನ ಸ್ಥಿತಿಯೂ ಇದೇ. ಸಂಖ್ಯೆಯನ್ನು ಮುಚ್ಚಿಡುವುದಕ್ಕೆ ಅವನಿಗೆ ಅನುಮತಿ ಇದೆ, ಸುಳ್ಳು ಸಂಖ್ಯೆ ಬರೆಯುವುದಕ್ಕೆ ಇಲ್ಲ. ಆಟ ಮುಗಿದ ಮೇಲೆ ಟಿಕೆಟುಗಳನ್ನು ಒಂದೊಂದಾಗಿ ತೆಗೆದು, ಮೊದಲಿನಿಂದ ಕೊನೆಯವರೆಗೆ ಅವನ ದಾರಿಯನ್ನು ಬೆರಳಿಟ್ಟು ನೋಡುವುದು ನಮ್ಮ ಕಟ್ಟೆಯ ಮೇಲಿನ ರೂಢಿ.

ಹೌದು, ಶಾಲೆಯಲ್ಲಿ ಬೀಗ ಬಿದ್ದ ಮೇಲೆ ಆಟ ನಮ್ಮ ಕಟ್ಟೆಗೆ ಬಂದಿದೆ. ಮಗಳು ಅಂಗಡಿಯಿಂದ ಒಂದು ಪೆಟ್ಟಿಗೆ ತಂದುಕೊಟ್ಟಳು. ಭಾನುವಾರ ಸಂಜೆ ನಾಲ್ಕಕ್ಕೆ ಓಣಿಯ ಮಕ್ಕಳು ಸೇರುತ್ತಾರೆ. ಎರಡನೇ ವಾರ ಆರನೇ ತರಗತಿಯ ಒಬ್ಬ ಹುಡುಗ ಎಕ್ಸ್ ಆಗಿದ್ದ. ಕೊನೆಯವರೆಗೂ ಸಿಗದೆ ಗೆದ್ದ. ಕುಣಿದಾಡಿದ. ಆಮೇಲೆ ದಾರಿ ನೋಡಲು ಕುಳಿತೆವು. ಹನ್ನೊಂದನೇ ನಡೆಯಲ್ಲಿ ಟ್ಯಾಕ್ಸಿ ಟಿಕೆಟ್ ಇತ್ತು, ಆದರೆ ಹತ್ತನೇ ಜಾಗದಿಂದ ಅವನು ಬರೆದ ಜಾಗಕ್ಕೆ ಟ್ಯಾಕ್ಸಿಯ ಗೆರೆಯೇ ಇರಲಿಲ್ಲ. ನನ್ನ ಮೊಮ್ಮಗಳು ಎರಡು ಸಲ ಬೆರಳು ಓಡಿಸಿ ನೋಡಿದಳು. ಹುಡುಗ ಟೋಪಿಯನ್ನು ಕೆಳಗೆಳೆದುಕೊಂಡು ಕುಳಿತ. (ಪೆಟ್ಟಿಗೆಯಲ್ಲಿ ಎಕ್ಸ್‌ಗೆಂದು ಒಂದು ಟೋಪಿಯೂ ಬರುತ್ತದೆ, ಅವನು ಎತ್ತ ನೋಡುತ್ತಿದ್ದಾನೆಂದು ಉಳಿದವರಿಗೆ ತಿಳಿಯಬಾರದೆಂದು.) ಕಣ್ತಪ್ಪೋ ಬೇಕೆಂದೇ ಮಾಡಿದ್ದೋ ಎಂದು ನಾನು ಕೇಳಲಿಲ್ಲ. ಮಕ್ಕಳೂ ಬೈಯಲಿಲ್ಲ, ‘ಈ ಆಟ ಲೆಕ್ಕಕ್ಕಿಲ್ಲ’ ಎಂದಷ್ಟೇ ಹೇಳಿದರು. ಮುಂದಿನ ಭಾನುವಾರ ಅದೇ ಹುಡುಗ ತಾನೇ ಎಕ್ಸ್ ಆಗುತ್ತೇನೆಂದು ಕೇಳಿ ಪಡೆದ. ಪೆನ್ಸಿಲ್ ಬೇಡವೆಂದು ನನ್ನ ಜೇಬಿನ ಪೆನ್ನನ್ನು ತೆಗೆದುಕೊಂಡು ಬರೆದ. ಒಂಬತ್ತನೇ ನಡೆಗೇ ಸಿಕ್ಕಿಬಿದ್ದ. ಪಟ್ಟಿಯನ್ನು ಮಾತ್ರ ಎಲ್ಲರ ಮುಂದೆ ತಾನೇ ಬಿಚ್ಚಿ ತೋರಿಸಿದ. ಇಂಥ ಆಟಕ್ಕೆ ಕಳ್ಳತನ ಕಲಿಸುವ ಆಟ ಎನ್ನಬಹುದೇ, ಸಂಪಾದಕರೇ?

ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ರಾಜ-ರಾಣಿ-ಕಳ್ಳ-ಪೊಲೀಸ್ ಚೀಟಿ ಆಟದಲ್ಲಿಯೂ ಕಳ್ಳನಿದ್ದ. ಯಾವ ಹಿರಿಯರೂ ಅದಕ್ಕೆ ಆಕ್ಷೇಪಿಸಲಿಲ್ಲ. ಅಲ್ಲಿ ಪೊಲೀಸ್ ಚೀಟಿ ಬಂದವನು ಮುಖ ನೋಡಿ ಊಹಿಸಬೇಕಿತ್ತು, ತಪ್ಪಿದರೆ ಅದೃಷ್ಟ ಎನ್ನಬೇಕಿತ್ತು. ಹುಲಿ-ಕುರಿ ಆಟ ಇನ್ನೂ ಗಟ್ಟಿಯಾದದ್ದು. ಬಲವುಳ್ಳ ಕೆಲವೇ ಹುಲಿಗಳು ಒಂದು ಕಡೆ, ಒಗ್ಗಟ್ಟೇ ಬಲವಾದ ಬಹಳ ಕುರಿಗಳು ಇನ್ನೊಂದು ಕಡೆ. ಹಂಪಿಯ ಕಲ್ಲುಹಾಸುಗಳ ಮೇಲೆ ಇಂಥ ಆಟಗಳ ಗೆರೆಗಳನ್ನು ಈಗಲೂ ನೋಡಬಹುದು. ಒಬ್ಬನನ್ನು ಹಲವರು ಸೇರಿ ಸುತ್ತುವರಿಯುವ ಆಟ ನಮಗೆ ಹೊಸದಲ್ಲ. ಹೊಸದು ಇಷ್ಟೇ: ಇಲ್ಲಿ ಹುಲಿ ಕಾಣುವುದಿಲ್ಲ, ಅದರ ಹೆಜ್ಜೆ ಮಾತ್ರ ಕಾಣುತ್ತದೆ. ಹಾಗಾಗಿ ಮುಖ ನೋಡಿ ಅನುಮಾನಿಸುವುದನ್ನು ಬಿಟ್ಟು, ಇರುವ ಸಾಕ್ಷ್ಯದಿಂದ ಒಂದೊಂದೇ ಸಾಧ್ಯತೆಯನ್ನು ಕೈಬಿಡುತ್ತ ಹೋಗಬೇಕಾಗುತ್ತದೆ.

ಅದು ಹೇಗೆಂದು ತೋರಿಸಲು ನಾವೇ ಮಾಡಿಕೊಂಡ ನಕ್ಷೆಯ ಸಂಗತಿಯನ್ನು ಹೇಳುತ್ತೇನೆ. ಲಂಡನ್ನಿನ ಬೀದಿಗಳ ಹೆಸರು ಮಕ್ಕಳ ನಾಲಿಗೆಗೆ ಹೊರಳಲಿಲ್ಲ. ‘ಅಜ್ಜಾ, ನಮ್ಮ ಊರಿನಲ್ಲಿಯೇ ಏಕೆ ಹುಡುಕಬಾರದು’ ಎಂದು ಮೊಮ್ಮಗಳು ಕೇಳಿದಳು. ಎರಡು ಡ್ರಾಯಿಂಗ್ ಹಾಳೆ ಅಂಟಿಸಿ ಹುಬ್ಬಳ್ಳಿ-ಧಾರವಾಡ ಬರೆದೆವು. ಟ್ಯಾಕ್ಸಿಯ ಬದಲು ಆಟೊ, ಬಸ್ಸಿನ ಜಾಗದಲ್ಲಿ ನಗರ ಸಾರಿಗೆ, ಸುರಂಗ ರೈಲಿನ ಬದಲು ಎರಡೂ ಊರುಗಳ ನಡುವೆ ಓಡುವ ವೇಗದ ಚಿಗರಿ ಬಸ್ಸು.

ಮೊದಲ ಆಟವೇ ಕೆಟ್ಟಿತು. ಎರಡೂ ಊರುಗಳ ಒಳಗೆ ಬೇಕಾದಷ್ಟು ದಾರಿಗಳಿವೆ, ಆದರೆ ನಮ್ಮ ನಕ್ಷೆಯಲ್ಲಿ ನಡುವಿನದು ಕುತ್ತಿಗೆಯಂತೆ ಒಂದೇ ರಸ್ತೆ. ಚಿಗರಿಯ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಒಬ್ಬ ಪತ್ತೇದಾರ ನವನಗರದಲ್ಲಿ, ಇನ್ನೊಬ್ಬ ಸತ್ತೂರಿನಲ್ಲಿ ನಿಂತುಬಿಟ್ಟರೆ ಓಡುವವನಿಗೆ ದಾರಿಯೇ ಇಲ್ಲ. ಮೂಲ ಆಟದಲ್ಲಿ ಥೇಮ್ಸ್ ನದಿಯ ದೋಣಿ ಇದೆ, ಎಕ್ಸ್ ಮಾತ್ರ ತನ್ನ ಕಪ್ಪು ಟಿಕೆಟಿನಿಂದ ಅದನ್ನು ಹತ್ತಬಹುದು. ಕಪ್ಪು ಟಿಕೆಟ್ ಹಾಕಿದರೆ ಯಾವ ವಾಹನದಲ್ಲಿ ಹೋದನೆಂಬುದೂ ತಿಳಿಯುವುದಿಲ್ಲ. ನಮಗೆ ನದಿ ಎಲ್ಲಿಂದ ತರುವುದು? ಮಕ್ಕಳು ಒಂದು ಸಂಜೆ ಪೂರ್ತಿ ವಾದಿಸಿದರು. ಉಣಕಲ್ ಕೆರೆಯಲ್ಲಿ ದೋಣಿ ಬಿಡೋಣ ಎಂದ ಒಬ್ಬ. ಆದರೆ ಅದು ದಡದಿಂದ ದಡಕ್ಕಷ್ಟೇ. ಕೊನೆಗೆ ಐದನೇ ತರಗತಿಯ ಹುಡುಗಿ ರೈಲಿನ ಹಳಿ ತೋರಿಸಿದಳು. ಹುಬ್ಬಳ್ಳಿ, ಉಣಕಲ್, ಅಮರಗೋಳ, ನವಲೂರು, ಧಾರವಾಡ. ರಸ್ತೆಯ ಪಕ್ಕದಲ್ಲಿಯೇ ಇದ್ದರೂ ಯಾರ ನೆನಪಿಗೂ ಬಂದಿರಲಿಲ್ಲ. ಈಗ ನಮ್ಮ ಎಕ್ಸ್ ಕಪ್ಪು ಟಿಕೆಟಿನಿಂದ ಪ್ಯಾಸೆಂಜರ್ ರೈಲು ಹತ್ತುತ್ತಾನೆ. ಆಟ ಸರಿಹೋಯಿತು. ಆ ಹುಡುಗಿ ನಮ್ಮ ಓಣಿಗೆ ಬಂದು ಎರಡು ವರ್ಷವಾಯಿತು, ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿದ್ದು ಅಂದೇ.

ಕಳೆದ ಭಾನುವಾರ ಮೂರನೇ ನಡೆಯಲ್ಲಿ ಎಕ್ಸ್ ಹೊಸೂರಿನಲ್ಲಿ ಕಾಣಿಸಿಕೊಂಡ. ನಾಲ್ಕನೆಯದು ಆಟೊ. ನಮ್ಮ ನಕ್ಷೆಯಲ್ಲಿ ಹೊಸೂರಿನಿಂದ ಆಟೊ ಹೋಗುವುದು ಗೋಕುಲ ರಸ್ತೆ, ದೇಶಪಾಂಡೆ ನಗರ, ವಿದ್ಯಾನಗರ, ಚೆನ್ನಮ್ಮ ವೃತ್ತ ಈ ನಾಲ್ಕಕ್ಕೆ. ಐದನೆಯದು ಚಿಗರಿ. ‘ಗೋಕುಲ ರಸ್ತೆಗೂ ದೇಶಪಾಂಡೆ ನಗರಕ್ಕೂ ಚಿಗರಿ ಇಲ್ಲ, ಅವೆರಡನ್ನೂ ಬಿಡಿ’ ಎಂದಳು ಮೊಮ್ಮಗಳು. ಉಳಿದದ್ದು ವಿದ್ಯಾನಗರ ಮತ್ತು ಚೆನ್ನಮ್ಮ ವೃತ್ತ. ಅಲ್ಲಿಂದ ಚಿಗರಿ ಹತ್ತಿದರೆ ಒಂದೋ ಹೊಸೂರಿಗೆ ಮರಳಬೇಕು, ಅಲ್ಲಿ ನಮ್ಮವನೇ ನಿಂತಿದ್ದಾನೆ. ಇಲ್ಲವಾದರೆ ಉಣಕಲ್, ಅಥವಾ ರೈಲು ನಿಲ್ದಾಣ. ಒಂದು ಈ ತುದಿ, ಒಂದು ಆ ತುದಿ. ಎಲ್ಲರೂ ಒಂದೇ ಕಡೆ ಓಡುವಂತಿಲ್ಲ. ಆಗ ಪಕ್ಕದ ಮನೆಯ ಹುಡುಗ, ದುರ್ಗದಬೈಲಿನಲ್ಲಿ ನಮ್ಮ ಕಾಯಿ ನಿಂತಿರುವುದನ್ನು ನೋಡಿದವನು ಚೆನ್ನಮ್ಮ ವೃತ್ತಕ್ಕೆ ಕಾಲಿಡುವ ಧೈರ್ಯ ಮಾಡುವುದಿಲ್ಲ ಎಂದ. ಇಬ್ಬರು ಉಣಕಲ್ ಕಡೆ ಹೋದರು, ಒಬ್ಬ ಖಾತ್ರಿಗೆಂದು ಇಲ್ಲಿಯೇ ಉಳಿದ. ಎರಡು ಸುತ್ತಿನ ನಂತರ ನವನಗರದಲ್ಲಿ ಸಿಕ್ಕ. ಹತ್ತು-ಹನ್ನೊಂದು ವರ್ಷದ ಮಕ್ಕಳು ಒಬ್ಬರ ಮಾತನ್ನು ಇನ್ನೊಬ್ಬರು ಕೊನೆಯವರೆಗೆ ಕೇಳಿ, ಒಪ್ಪದಿದ್ದರೆ ಕಾರಣ ಕೊಟ್ಟು, ಒಂದು ತೀರ್ಮಾನಕ್ಕೆ ಬಂದರು. ಆ ಅರ್ಧ ಗಂಟೆ ಯಾರೂ ಮೊಬೈಲ್ ಕೇಳಲಿಲ್ಲ.

ಈ ಜಾತಿಯ ಎಲ್ಲ ಆಟಗಳನ್ನೂ ನಾನು ಮಕ್ಕಳಿಗೆ ಹೇಳುತ್ತಿಲ್ಲ. ಬೆಂಗಳೂರಿನಲ್ಲಿರುವ ನನ್ನ ಅಳಿಯನ ಬಳಿ ಇನ್ನೂ ಕೆಲವಿವೆ. 1987ರಲ್ಲಿ ಮೊದಲು ಬಂದ ಒಂದರಲ್ಲಿ ಡ್ರಾಕುಲಾನನ್ನು ಯುರೋಪಿನ ತುಂಬ ಹುಡುಕಬೇಕು. 2011ರಲ್ಲಿ ಬಂದ ‘ಲೆಟರ್ಸ್ ಫ್ರಮ್ ವೈಟ್‌ಚಾಪೆಲ್’ 1888ರ ಲಂಡನ್ನಿನ ನಿಜವಾದ ಕೊಲೆಗಳ ಸುತ್ತ ಹೆಣೆದದ್ದು. ದೊಡ್ಡವರಿಗೆ ಅದು ಜಾಣ ಆಟವಿರಬಹುದು, ಬಡ ಹೆಂಗಸರ ಸಾವನ್ನು ಆಟದ ಹಲಗೆಯ ಮೇಲೆ ನೋಡಲು ನನಗೆ ಮನಸ್ಸಾಗಲಿಲ್ಲ. ಅದನ್ನು ಶಾಲೆಯಲ್ಲಿ ಇಟ್ಟಿದ್ದರೆ ನಾನೇ ಹೋಗಿ ದೂರುತ್ತಿದ್ದೆ. ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ರಕ್ತವಿಲ್ಲ, ಆಯುಧವಿಲ್ಲ. ಎಕ್ಸ್ ಏನು ಅಪರಾಧ ಮಾಡಿದ ಎಂಬ ಕಥೆಯೂ ಆಡುವವರಿಗೆ ಬೇಕಾಗುವುದಿಲ್ಲ. ಇರುವುದು ಊರು, ದಾರಿ ಮತ್ತು ಟಿಕೆಟು.

ನನ್ನ ಕೋರಿಕೆ ಎರಡು. ಮೊದಲನೆಯದು ಆ ಶಾಲೆಯವರಿಗೆ. ದಯವಿಟ್ಟು ಬೀಗ ತೆಗೆಯಿರಿ, ದೂರಿದ ಪಾಲಕರನ್ನು ಒಂದು ಶನಿವಾರ ಕರೆಸಿ ಮಕ್ಕಳ ಜೊತೆ ಎಕ್ಸ್ ಆಗಿ ಕೂರಿಸಿರಿ. ನಿಯಮ ಹೇಳಿಕೊಡಲು ನಾನು ಬರಲು ಸಿದ್ಧನಿದ್ದೇನೆ.

ಎರಡನೆಯದು ತಮಗೆ. ಪೆಟ್ಟಿಗೆ ಕೊಳ್ಳುವುದು ಎಲ್ಲ ಮನೆಗಳಿಗೂ ಆಗುವ ಮಾತಲ್ಲ. ತಮ್ಮ ಭಾನುವಾರದ ಪುರವಣಿಯ ನಡುವಿನ ಎರಡು ಪುಟಗಳಲ್ಲಿ ಹುಬ್ಬಳ್ಳಿ-ಧಾರವಾಡದ ಇಂಥ ಒಂದು ನಕ್ಷೆಯನ್ನು ಅಚ್ಚು ಹಾಕಿದರೆ, ಒಂದು ಪತ್ರಿಕೆಯ ಬೆಲೆಗೆ ಆಟ ಮನೆ ಸೇರುತ್ತದೆ. ಕಾಯಿಗಳಿಗೆ ಅಂಗಿಯ ಗುಂಡಿ ಸಾಕು, ನಾವೂ ಅವನ್ನೇ ಬಳಸುತ್ತೇವೆ. ಟಿಕೆಟುಗಳಿಗೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿಕೊಂಡಿದ್ದೇವೆ. ಗದಗ, ಹಾವೇರಿಯ ಓದುಗರು ತಮ್ಮ ಊರಿನದನ್ನು ತಾವೇ ಬರೆದುಕೊಳ್ಳಬಹುದು. ಒಂದೇ ರಸ್ತೆಯ ಕುತ್ತಿಗೆ ಇಲ್ಲದಂತೆ ನೋಡಿಕೊಂಡರಾಯಿತು.

ನಮ್ಮ ನಕ್ಷೆಯನ್ನು ತಮ್ಮ ಕಚೇರಿಗೆ ತಂದುಕೊಡುತ್ತೇನೆ. ಸದ್ಯ ಅದರಲ್ಲಿ 64 ನಿಲ್ದಾಣಗಳಿವೆ. ಗಬ್ಬೂರಿನ ಕಡೆಯ ಗೆರೆಗಳು ಇನ್ನೂ ಸರಿಯಾಗಿಲ್ಲ, ಅಲ್ಲಿಗೆ ಹೋದವನು ಹೊರಬರಲಾಗದೆ ಸಿಕ್ಕಿಬೀಳುತ್ತಾನೆ. ಬರುವ ಭಾನುವಾರ ಮಕ್ಕಳು ಅದನ್ನು ತಿದ್ದುತ್ತಾರೆ, ಸೋಮವಾರ ಬೆಳಿಗ್ಗೆ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ನಿರ್ವಾಹಕ
ಹಳೇ ಹುಬ್ಬಳ್ಳಿ