ಬೆನ್ಯಾಮಿನ್ ದಾರಿ: ನೀರು, ಗಾಳಿ ಎರಡರ ಲೆಕ್ಕವೂ ಇರಲಿ

ಮಾನ್ಯರೇ,

ಫ್ರಾನ್ಸ್, ಸ್ಪೇನ್ ಪ್ರವಾಸ ಹೊರಡುವ ಸಾಹಿತ್ಯಾಸಕ್ತರಿಗೆ ಒಂದು ಸೂಚನೆ. ಜರ್ಮನ್ ಚಿಂತಕ ವಾಲ್ಟರ್ ಬೆನ್ಯಾಮಿನ್ 1940ರ ಸೆಪ್ಟೆಂಬರ್‌ನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಪಿರನೀಸ್ ಬೆಟ್ಟ ದಾಟಿದ ಹಾದಿ ಈಗ ಗುರುತು ಹಾಕಿದ ಚಾರಣ ಮಾರ್ಗ. ಫ್ರಾನ್ಸಿನ ಬಾನ್ಯುಲ್ಸ್‌ನಿಂದ ಸ್ಪೇನಿನ ಪೋರ್ಟ್‌ಬೋವರೆಗೆ ಸುಮಾರು 15 ಕಿ.ಮೀ.; ಕಡಲಮಟ್ಟದಿಂದ ಹೊರಟು ಸುಮಾರು 550 ಮೀಟರ್ ಏರಬೇಕು. ಐದಾರು ಗಂಟೆ ಹಿಡಿಯುತ್ತದೆ.

ಮೊದಲರ್ಧ ದ್ರಾಕ್ಷಿತೋಟಗಳ ನಡುವೆ. ಹೆಚ್ಚಿನವರು ದಾರಿ ತಪ್ಪುವುದೂ ಇಲ್ಲೇ, ತೋಟದ ಕಾಲುದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. ಕವಲು ಬಂದಾಗ ಗುರುತು ಕಾಣದಿದ್ದರೆ ಮುಂದುವರಿಯದೆ ಹಿಂದಿನ ಗುರುತಿಗೆ ಮರಳುವುದೇ ಜಾಣತನ. ನೆರಳು ಕಡಿಮೆ, ದಾರಿಯಲ್ಲಿ ನೀರು ಸಿಕ್ಕೀತೆಂದು ನಂಬದೆ ತಲಾ 2–3 ಲೀಟರ್ ಹೊತ್ತೊಯ್ಯಿರಿ. ‘ಟ್ರಾಮೊಂಟಾನ’ ಎಂಬ ವಾಯವ್ಯದ ಗಾಳಿ ಬೀಸುವ ದಿನ ದಿಣ್ಣೆಯ ಮೇಲೆ ನಿಲ್ಲುವುದೂ ಕಷ್ಟ. ಇಳಿಜಾರಿನಲ್ಲಿ ಪದರುಗಲ್ಲು ಜಾರುತ್ತದೆ, ಹಿಡಿತವಿರುವ ಬೂಟು ಬೇಕು. ಗಡಿಯಲ್ಲಿ ಕಾವಲಿಲ್ಲದಿದ್ದರೂ ಪಾಸ್‌ಪೋರ್ಟ್ ಜೊತೆಗಿರಲಿ. ವಾಪಸಾಗಲು ರೈಲು ಇದೆ, ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ.

ಹೃದ್ರೋಗಿಯಾಗಿದ್ದ ಬೆನ್ಯಾಮಿನ್ ಹತ್ತು ನಿಮಿಷ ನಡೆದು ಒಂದು ನಿಮಿಷ ನಿಲ್ಲುತ್ತಿದ್ದರೆಂದು ದಾರಿ ತೋರಿಸಿದ ಲೀಸಾ ಫಿಟ್ಕೋ ಬರೆದಿದ್ದಾರೆ. ಏರಿಗೆ ಈಗಲೂ ಅದೇ ಒಳ್ಳೆಯ ಲಯ! ಫ್ರಾನ್ಸಿನ ನಿರ್ಗಮನ ಪರವಾನಗಿ ಇಲ್ಲವೆಂದು ಸ್ಪೇನ್ ಪೊಲೀಸರು ತಡೆದ ಮೇಲೆ ಬೆನ್ಯಾಮಿನ್ ಪೋರ್ಟ್‌ಬೋದಲ್ಲೇ ಅಸುನೀಗಿದರು. ಅಲ್ಲಿನ ಸ್ಮಶಾನದ ಬಳಿ ಅವರ ನೆನಪಿಗೆ ಶಿಲ್ಪಿ ದಾನಿ ಕಾರವಾನ್ 1994ರಲ್ಲಿ ನಿರ್ಮಿಸಿದ, ಕಡಲತ್ತ ಇಳಿಯುವ ಉಕ್ಕಿನ ಮೆಟ್ಟಿಲದಾರಿಗೆ ಅರ್ಧ ಗಂಟೆಯಾದರೂ ಉಳಿಸಿಕೊಳ್ಳಿ.

– ಚಾರಣಾಸಕ್ತ ಓದುಗ, ಮೈಸೂರು